‘ಲೈಫ್‌ಟೈಮ್ ಆ್ಯಪ್’ ಅಂತ ಯಾರಾದರೂ ಬಂದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಸಣ್ಣ ವ್ಯಾಪಾರ ಮಾಡುವವರೇ, “ಲೋ-ಕೋಡ್‌ನಲ್ಲಿ (ಹೆಚ್ಚು ಕೋಡ್ ಬರೆಯದೆ, ರೆಡಿ ತುಂಡುಗಳನ್ನು ಜೋಡಿಸಿ) ಕಡಿಮೆ ರೇಟಿಗೆ ಆ್ಯಪ್ ಮಾಡಿಕೊಡ್ತೇವೆ” ಅಂತ ಯಾರಾದರೂ ಬಂದರೆ ಸ್ವಲ್ಪ ತಡೆಯಿರಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿದ್ದರೆ ಸಹಿಸಿಕೊಳ್ಳಿ.

ನಮ್ಮದು ಮೀನಿನ ಹೋಮ್ ಡೆಲಿವರಿ. ಬೆಳಿಗ್ಗೆ ಬೈತಖೋಲ ಬಂದರಿನಲ್ಲಿ ಮೀನು ತಗೊಂಡು, ಮನೆಯಲ್ಲಿ ಹೆಂಡತಿ, ಅತ್ತಿಗೆ ಸೇರಿ ಕ್ಲೀನ್ ಮಾಡಿ, ಕೋಡಿಬಾಗ, ಸದಾಶಿವಗಡ, ಅರ್ಗಾದ ನೇವಿ ಕ್ವಾರ್ಟರ್ಸ್, ಆಚೆ ಮಲ್ಲಾಪುರದ ಕೈಗಾ ಟೌನ್‌ಶಿಪ್‌ವರೆಗೂ ಮುಟ್ಟಿಸುತ್ತೇವೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಬೋಟುಗಳು ಬಂದ್, ನಮ್ಮ ಕೈಯೂ ಖಾಲಿ. ಆ ಎರಡು ತಿಂಗಳಲ್ಲಿ ಆ್ಯಪ್ ಮಾಡಿಸಿ ಆಗಸ್ಟ್‌ನಲ್ಲಿ ಬೋಟ್ ಇಳಿಯುವಾಗ ಶುರು ಮಾಡುವ ಅಂತ ಲೆಕ್ಕ ಹಾಕಿದ್ದೆ.

ಪರಿಚಯದವರ ಮೂಲಕ ಒಬ್ಬ ಬಂದ. ಹೆಸರು ಬೇಡ. ಮಾತು ಮಾತ್ರ ಬೆಣ್ಣೆ. “ಕೋಡಿಂಗ್ ಮಾಡೋರು ಲಕ್ಷ ಲಕ್ಷ ಕೇಳ್ತಾರೆ ಸರ್. ನಮ್ಮದು ಲೋ-ಕೋಡ್. ಡ್ರ್ಯಾಗ್ ಮಾಡೋದು, ಡ್ರಾಪ್ ಮಾಡೋದು. ಅದಕ್ಕೇ 38 ಸಾವಿರ. ಆಂಡ್ರಾಯ್ಡ್, ಐಫೋನ್ ಎರಡೂ. ಒನ್ ಟೈಮ್ ಪೇಮೆಂಟ್, ಲೈಫ್‌ಟೈಮ್ ಆ್ಯಪ್.” ಈ ಲೈಫ್‌ಟೈಮ್ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಮೊದಲು 18% ಜಿಎಸ್‌ಟಿ ಅಂತ 6,840 ಸೇರಿಸಿದ. ಬಿಲ್ ಕೊಟ್ಟ, ಅದರಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ಆಮೇಲೆ ‘ಗೂಗಲ್ ರಿಜಿಸ್ಟ್ರೇಷನ್’ ಅಂತ 5,000. ಪ್ಲೇ ಸ್ಟೋರ್ ಡೆವಲಪರ್ ಅಕೌಂಟ್‌ಗೆ ಗೂಗಲ್ ತೆಗೆದುಕೊಳ್ಳುವುದು 25 ಡಾಲರ್, ಅದೂ ಒಂದೇ ಸಲ. ಇದು ಯಾರು ಬೇಕಾದರೂ ನೋಡಬಹುದಾದ ರೇಟು. ಆಮೇಲೆ ‘ಟೆಸ್ಟಿಂಗ್ ಚಾರ್ಜ್’ 3,000. ಗೂಗಲ್‌ನ ರೂಲ್ ಇದೆ, 12 ಜನರ ಜಿಮೇಲ್ ಬೇಕು ಅಂದ. ಭಾವ, ಷಡ್ಕ, ಪಕ್ಕದ ಮನೆಯ ಮಾಸ್ತರರು, ಎಲ್ಲರ ಹತ್ತಿರ ಬೇಡಿ ಜಿಮೇಲ್ ಹೊಂದಿಸಿದವನು ನಾನು. ಚಾರ್ಜ್ ಮಾಡಿದವನು ಅವನು! ಅವರಲ್ಲಿ ಒಬ್ಬರಿಗೂ ಒಂದು ಲಿಂಕ್ ಬರಲಿಲ್ಲ.

ಆ್ಯಪ್ ಪ್ಲೇ ಸ್ಟೋರ್‌ಗೆ ಬಂತು. ಮನೆಯಲ್ಲಿ ಎಲ್ಲರೂ ಡೌನ್‌ಲೋಡ್ ಮಾಡಿದೆವು, ಖುಷಿಪಟ್ಟೆವು. ನಮ್ಮ ಅಂಗಡಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಡೆವಲಪರ್ ಹೆಸರು ಇರುತ್ತದಲ್ಲ, ಅಲ್ಲಿ ಇದ್ದದ್ದು ಅವನ ಕಂಪನಿಯ ಹೆಸರು. ಕೇಳಿದರೆ, “ಅದು ಟೆಕ್ನಿಕಲ್ ಸರ್, ನಿಮಗೆ ತಲೆಬಿಸಿ ಯಾಕೆ.” ಆ 12 ಜನರ ರೂಲ್ ಇರುವುದು ನಿಜ. 2023ರ ನವೆಂಬರ್ 13ರ ನಂತರ ತೆರೆದ ಪರ್ಸನಲ್ ಅಕೌಂಟ್ ಆದರೆ ಕನಿಷ್ಠ 12 ಜನ ಸತತ 14 ದಿನ ಟೆಸ್ಟ್ ಮಾಡಬೇಕು. ಅವನದು ಹಳೇ ಅಕೌಂಟ್. ರೂಲೇ ಅನ್ವಯಿಸುವುದಿಲ್ಲ. ನನ್ನ ಹೆಸರಿನಲ್ಲಿ ಅಕೌಂಟನ್ನೇ ತೆರೆಯದೆ ರಿಜಿಸ್ಟ್ರೇಷನ್ ದುಡ್ಡು, ಮಾಡದ ಟೆಸ್ಟಿಗೆ ಟೆಸ್ಟಿಂಗ್ ದುಡ್ಡು. ಎಲ್ಲ ಸೇರಿ 52,840.

ಐಫೋನ್ ಆ್ಯಪ್ ಎಲ್ಲಿ ಅಂದೆ. “ಸಫಾರಿಯಲ್ಲಿ ಲಿಂಕ್ ತೆರೆದು ‘ಆ್ಯಡ್ ಟು ಹೋಮ್ ಸ್ಕ್ರೀನ್’ ಒತ್ತಿ ಸರ್, ಐಕಾನ್ ಬರುತ್ತಲ್ಲ!” ಆ್ಯಪಲ್‌ನ ಆ್ಯಪ್ ಸ್ಟೋರ್‌ಗೆ ಹಾಕಬೇಕಾದರೆ ವರ್ಷ ವರ್ಷ 99 ಡಾಲರ್ ಕಟ್ಟಬೇಕು. ಅವನು ಕಟ್ಟಲೇ ಇಲ್ಲ, ಅದಕ್ಕೆ ಈ ಐಕಾನ್ ಭಾಗ್ಯ.

ಆಗಸ್ಟ್ ಬಂತು. ಮೀನಿನ ರೇಟು ಹೇಗೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಿನ್ನೆಯ ಬಂಗಡೆಯ ರೇಟು ಇವತ್ತಿಲ್ಲ. ಇವತ್ತು ಇಸ್ವಾಣ ಬಂದರೆ ನಾಳೆ ತಾರ್ಲೆ ಬಿಟ್ಟು ಬೇರೆ ಏನೂ ಇಲ್ಲ. ಬೆಳಿಗ್ಗೆ ಐದೂವರೆಗೆ ಹರಾಜು ನೋಡಿ, ಅಲ್ಲೇ ನಿಂತು ರೇಟು ಹಾಕಬೇಕು. ಆ್ಯಪ್‌ನಲ್ಲಿ ರೇಟು ಬದಲಿಸುವ ಅಧಿಕಾರವೇ ನನಗಿಲ್ಲ! ಅವನಿಗೆ ಮೆಸೇಜ್ ಹಾಕಬೇಕು, ಅವನು ಹತ್ತು ಗಂಟೆಗೆ ಎದ್ದು ಬದಲಿಸಬೇಕು. ಅಷ್ಟೊತ್ತಿಗೆ ಶೆಟ್ಲಿ ಸಾರು ಮಾಡಿ ಜನ ಊಟಕ್ಕೆ ಕೂತಿರುತ್ತಾರೆ. “ಅಡ್ಮಿನ್ ಪ್ಯಾನಲ್ ನಿಮ್ಮ ಪ್ಯಾಕೇಜ್‌ನಲ್ಲಿ ಇಲ್ಲ ಸರ್, ಅದು ಆ್ಯಡ್-ಆನ್.” ರೇಟು ಬದಲಿಸಲಿಕ್ಕೆ ಬಾರದ ಮೀನಿನ ಆ್ಯಪ್ ಯಾರಿಗೆ ಬೇಕು ಮಾರಾಯ್ರೇ?

ಇನ್ನು ಮುಖ್ಯ ವಿಷಯ. ಆ್ಯಪ್‌ನಲ್ಲಿ ಪ್ರತಿ ಮೀನಿನ ಕೆಳಗೆ ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಮೂರು ಬಟನ್. ಕೆ.ಜಿ. ಇಲ್ಲ, ಅರ್ಧ ಕೆ.ಜಿ. ಇಲ್ಲ. “ಮೀನಿನ ಸೈಜ್ ಸರ್” ಅಂದಿದ್ದ. ಪಾಪ್ಲೇಟ್‌ನಲ್ಲಿ ಸಣ್ಣದು ದೊಡ್ಡದು ಇದ್ದೇ ಇರುತ್ತದಲ್ಲ, ಸರಿ ಅಂತ ಬಿಟ್ಟಿದ್ದೆ. ಒಂದು ಭಾನುವಾರ ಕೈಗಾ ಟೌನ್‌ಶಿಪ್‌ನ ಹಳೇ ಗಿರಾಕಿ ಒಬ್ಬರು ಬಂಗಡೆ ಆರ್ಡರ್ ಮಾಡಿದರು. ಸ್ವಲ್ಪ ಹೊತ್ತಿಗೆ ಫೋನ್. ನಗು ತಡೆಯಲಿಕ್ಕೆ ಆಗದೆ ಮಾತೇ ಹೊರಡುತ್ತಿಲ್ಲ ಅವರಿಗೆ. ಸ್ಕ್ರೀನ್‌ಶಾಟ್ ಕಳಿಸಿದರು. ನಮ್ಮ ಅಂಗಡಿಯ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ, ‘ಯುವರ್ ಪಿಜ್ಜಾ ಈಸ್ ಆನ್ ದಿ ವೇ’.

ಪಿಜ್ಜಾ!

ಅಲ್ಲಿಗೆ ಎಲ್ಲ ಅರ್ಥವಾಯಿತು. ಅದು ಪಿಜ್ಜಾ ಅಂಗಡಿಯ ರೆಡಿ ಟೆಂಪ್ಲೇಟ್. ಫೋಟೋ ಬದಲಿಸಿ, ಹೆಸರು ಬದಲಿಸಿ ನನಗೆ ಕೊಟ್ಟಿದ್ದಾನೆ. ಆ ಸ್ಕ್ರೀನ್‌ಶಾಟ್ ಟೌನ್‌ಶಿಪ್‌ನ ಗ್ರೂಪ್‌ಗಳಲ್ಲೆಲ್ಲ ಓಡಾಡಿತು. ಡೆಲಿವರಿಗೆ ಹೋದರೆ ಗೇಟ್‌ನಲ್ಲಿ ವಾಚ್‌ಮನ್ ಸಹ “ಚೀಸ್ ಹಾಕಿದೀರಾ?” ಅಂತ ಕೇಳುತ್ತಾನೆ. ತಲೆ ಎತ್ತುವ ಹಾಗಿಲ್ಲ. ಇವನ ಉತ್ತರ ಮಾತ್ರ, “ಮೈನರ್ ಬಗ್ ಸರ್, ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಹೋಗುತ್ತೆ.” ಜೊತೆಗೆ ಕೈ ಮುಗಿಯುವ ಇಮೋಜಿ.

ಅಪ್‌ಡೇಟ್ ಬರಲಿಲ್ಲ, ಬಿಲ್ ಬಂತು. ತಿಂಗಳಿಗೆ 4,200. ಲೈಫ್‌ಟೈಮ್ ಅಂದಿದ್ದಿರಲ್ಲ ಅಂದೆ. “ಹೌದು ಸರ್. ಆ್ಯಪ್ ಲೈಫ್‌ಟೈಮ್, ಪ್ಲಾಟ್‌ಫಾರ್ಮ್ ಮಂತ್ಲಿ.” ಇದನ್ನು ನಾಲಿಗೆ ತಡವರಿಸದೆ ಹೇಳಿದ!

ಹಾಗಾದರೆ ನನ್ನ ಆ್ಯಪ್‌ನ ಕೋಡ್ ಕೊಡಿ, ಬೇರೆಯವರ ಹತ್ತಿರ ಮಾಡಿಸಿಕೊಳ್ಳುತ್ತೇನೆ ಅಂದೆ. “ಲೋ-ಕೋಡ್‌ನಲ್ಲಿ ಕೋಡ್ ಎಲ್ಲಿ ಸರ್?” ಅಂದ. ಫೋನ್ ಸ್ಪೀಕರ್‌ನಲ್ಲಿತ್ತು, ಮನೆಯವರೆಲ್ಲ ಕೇಳಿದರು.

ಇಂಜಿನಿಯರಿಂಗ್ ಓದುವ ನನ್ನ ಸೊಸೆ, ಅಕ್ಕನ ಮಗಳು, ಆಮೇಲೆ ಬಿಡಿಸಿ ಹೇಳಿದಳು. ಇಂಥ ಆ್ಯಪ್ ಮಾಡುವ ಲೋ-ಕೋಡ್ ಟೂಲ್‌ಗಳದ್ದು ತಪ್ಪಿಲ್ಲವಂತೆ. ಫ್ಲಟರ್‌ಫ್ಲೋ ಎಂಬ ಟೂಲ್‌ನಲ್ಲಿ ದುಡ್ಡು ಕೊಟ್ಟ ಪ್ಲಾನ್ ಇದ್ದರೆ ಕೋಡ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಬಬಲ್ ಎಂಬ ಟೂಲ್‌ನಲ್ಲಿ ಮಾಡಿದ್ದನ್ನು ಹಾಗೆ ಹೊರಗೆ ತೆಗೆಯಲಿಕ್ಕೆ ಬರುವುದಿಲ್ಲ, ಅಲ್ಲೇ ತಿಂಗಳ ದುಡ್ಡು ಕಟ್ಟಿಕೊಂಡು ಇರಬೇಕು. ಗ್ಲೈಡ್‌ನಂಥ ಟೂಲ್‌ನಲ್ಲಿ ಆಗುವುದು ಬ್ರೌಸರ್‌ನಲ್ಲಿ ತೆರೆಯುವ ವೆಬ್ ಆ್ಯಪ್, ಸ್ಟೋರ್‌ಗೆ ಹೋಗುವಂಥದ್ದಲ್ಲ. ಈ ಬಿಲ್ಲುಗಳು ಹೆಚ್ಚಾಗಿ ಡಾಲರ್‌ನಲ್ಲಿ, ಕಾರ್ಡಿನ ಫಾರೆಕ್ಸ್ ಚಾರ್ಜ್ ಬೇರೆ. ಗಿರಾಕಿ ಲಾಗಿನ್ ಆಗುವಾಗ ಬರುವ ಓಟಿಪಿ ಎಸ್‌ಎಂಎಸ್‌ಗೂ ಯಾರೋ ದುಡ್ಡು ಕೊಡಲೇಬೇಕು. ಅಂದರೆ ಮಾಡುವ ಖರ್ಚು ಕಡಿಮೆ, ನಡೆಸುವ ಖರ್ಚು ತಿಂಗಳು ತಿಂಗಳು. ಇದನ್ನು ಮೊದಲೇ ಹೇಳಿದ್ದರೆ ಯೋಚನೆ ಮಾಡುತ್ತಿದ್ದೆ, ಬಹುಶಃ ಒಪ್ಪುತ್ತಲೂ ಇದ್ದೆ. ಇವನು ಬಾಡಿಗೆ ಮನೆಗೆ ಸುಣ್ಣ ಬಳಿದು ಸ್ವಂತದ್ದು ಅಂತ ಮಾರಿದ ಹಾಗೆ ಮಾಡಿದ.

ತಿಂಗಳ ದುಡ್ಡು ಕೊಡಲಿಲ್ಲ. ಆ್ಯಪ್ ತೆರೆದರೆ ಈಗ ಬರೀ ಬಿಳಿ ಪರದೆ. ಅದಾದರೂ ಹೋಗಲಿ. ಗಿರಾಕಿಗಳು ಆ್ಯಪ್‌ನಲ್ಲಿ ತುಂಬಿದ ಫೋನ್ ನಂಬರು, ಮನೆ ವಿಳಾಸ ಎಲ್ಲ ಅವನ ಅಕೌಂಟ್‌ನ ಡೇಟಾಬೇಸ್‌ನಲ್ಲಿದೆ. ಕೊಡು ಅಂದರೆ “ಡೇಟಾ ಎಕ್ಸ್‌ಪೋರ್ಟ್ ಚಾರ್ಜ್ 12 ಸಾವಿರ.” ನನ್ನ ಗಿರಾಕಿಗಳ ನಂಬರು ನನಗೇ ಮಾರುತ್ತಾನೆ! ಅದನ್ನು ಇನ್ಯಾರಿಗೆ ಮಾರುತ್ತಾನೋ ದೇವರೇ ಬಲ್ಲ. ನೇವಿ ಕ್ವಾರ್ಟರ್ಸ್‌ನವರ ವಿಳಾಸಗಳೂ ಅದರಲ್ಲಿವೆ, ಅವರಿಗೆ ಏನಂತ ಹೇಳಲಿ? ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ ಅಂದದ್ದಕ್ಕೆ, “ಕೊಡಿ ಸರ್, ಅಗ್ರಿಮೆಂಟ್‌ನಲ್ಲಿ ಎಲ್ಲ ಇದೆ.” ಅಗ್ರಿಮೆಂಟ್ ಅಂದರೆ ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಪಿಡಿಎಫ್, ಅದರಲ್ಲಿ ಲೈಫ್‌ಟೈಮ್ ಎಂಬ ಮಾತೇ ಇಲ್ಲ.

ಆರ್ಡರ್ ಈಗ ಮತ್ತೆ ವಾಟ್ಸಾಪ್ ಬಿಸಿನೆಸ್‌ನಲ್ಲೇ. ಕ್ಯಾಟಲಾಗ್ ಅದರಲ್ಲೇ ಇದೆ, ಫ್ರೀ, ಬಂದರಿನಲ್ಲಿ ನಿಂತೇ ರೇಟು ಬದಲಿಸುತ್ತೇನೆ.

ಮಾಡಿಸಲೇಬೇಕು ಅಂತಿದ್ದರೆ ಪ್ಲೇ ಅಕೌಂಟ್, ಟೂಲ್‌ನ ಅಕೌಂಟ್, ಡೇಟಾಬೇಸ್ ಮೂರೂ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡ್‌ನಲ್ಲಿ ತೆರೆಯಿಸಿ. ಅವರಿಗೆ ಕೆಲಸ ಮಾಡುವಷ್ಟು ಆಕ್ಸೆಸ್ ಕೊಟ್ಟರೆ ಸಾಕು. ಎರಡನೇ ವರ್ಷ ಎಷ್ಟು ಖರ್ಚು ಅಂತ ಬರೆದು ಕೊಡಿ ಅನ್ನಿ, ಇಂಥವರು ಅಲ್ಲೇ ಜಾರುತ್ತಾರೆ. ಆಸಾಮಿ ಈಗ ಗೋಕರ್ಣದ ಹೋಮ್‌ಸ್ಟೇಯವರ ಹತ್ತಿರ ಓಡಾಡುತ್ತಿದ್ದಾನೆ ಅಂತ ಸುದ್ದಿ. ಅಲ್ಲಿ ಯಾರಾದರೂ ಅಡ್ವಾನ್ಸ್ ಕೊಟ್ಟಾಗಿದ್ದರೆ ಉಳಿದ ಕಂತು ಹಾಕಬೇಡಿ, ಮೊದಲು ಪ್ಲೇ ಕನ್ಸೋಲ್ (ಪ್ಲೇ ಸ್ಟೋರ್‌ನ ಡೆವಲಪರ್ ಅಕೌಂಟ್) ನಿಮ್ಮ ಹೆಸರಿಗೆ ಬರಲಿ. ಅವನ ನಂಬರು ಬೇಕಾದವರು ನನಗೆ ಮೆಸೇಜ್ ಮಾಡಿ, ಸ್ಕ್ರೀನ್‌ಶಾಟ್ ಸಮೇತ ಕಳಿಸುತ್ತೇನೆ.