ಮೆಟ್ಸ್: ಮೊದಲು 2024 ನೋಡುವುದೋ, 2025 ನೋಡುವುದೋ?
ಅಮೆರಿಕದ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಮೆಟ್ಸ್‌ನ ಗೀಳು ಹೊಸದಾಗಿ ಹತ್ತಿದವರಿಗೆ ಹಳೆಯ ಪಂದ್ಯಗಳನ್ನು ಎಲ್ಲಿಂದ ಶುರು ಮಾಡುವುದು ಎನ್ನುವ ಗೊಂದಲ ಸಹಜ. ಎರಡು ಸೀಸನ್‌ಗಳೂ ಜೂನ್ 12ರಂದೇ ಮಗ್ಗುಲು ಬದಲಿಸಿದವು, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ.

2024ರ ಜೂನ್ 2ಕ್ಕೆ ತಂಡದ ಲೆಕ್ಕ 24 ಗೆಲುವು, 35 ಸೋಲು. ಹತ್ತು ದಿನ ಕಳೆದು ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ಗೊಂಬೆ ಗ್ರಿಮೇಸ್ (ವೇಷಧಾರಿ) ಮೈದಾನಕ್ಕಿಳಿದು, ಪಂದ್ಯಕ್ಕೆ ಮುನ್ನ ಶಾಸ್ತ್ರಕ್ಕೆಂದು ಎಸೆಯುವ ಮೊದಲ ಚೆಂಡು ಎಸೆಯಿತು. ಅಂದಿನಿಂದ ಸತತ ಏಳು ಗೆಲುವು! (ಅದರ ಕೈಗುಣ ಎಂದು ನಾನಂತೂ ನಂಬುವುದಿಲ್ಲ. ಮೇ ತಿಂಗಳಲ್ಲೇ ತಂಡದ ತಾರೆ ಲಿಂಡೋರ್‌ನನ್ನು ಮೊದಲ ಬ್ಯಾಟರ್ ಮಾಡಿದ್ದರು, ನನ್ನ ಪ್ರಕಾರ ಕಾರಣ ಅದು.) 89-73ರಲ್ಲಿ (ಗೆಲುವು-ಸೋಲು) ಮುಗಿಸಿ, ನ್ಯಾಷನಲ್ ಲೀಗ್ ಫೈನಲ್‌ನಲ್ಲಿ ಡಾಡ್ಜರ್ಸ್‌ಗೆ ಸೋತರು.

2025ರಲ್ಲಿ 76.5 ಕೋಟಿ ಡಾಲರ್ ಒಪ್ಪಂದದ ಬ್ಯಾಟರ್ ಸೋಟೊ ಬಂದಿದ್ದ. ಜೂನ್ 12ರ ಹೊತ್ತಿಗೆ 45-24. ಅದೇ ದಿನ ಎದುರಾಳಿ ಬ್ಯಾಟರ್‌ನನ್ನು ಔಟ್ ಮಾಡಲು ಮೆಟ್ಸ್ ಫೀಲ್ಡರ್ ಅಲೋನ್ಸೊ ಎಸೆದ ಚೆಂಡು ಎತ್ತರಕ್ಕೆ ಹೋಯಿತು. ಮೊದಲ ಬೇಸ್‌ಗೆ (ಬ್ಯಾಟರ್ ಮೊದಲು ಓಡಿ ತಲುಪಬೇಕಾದ ಠಾಣೆ) ಓಡಿಬಂದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಸೆಂಗಾ ಹಾರಿ ಹಿಡಿದು, ಬೇಸ್ ಮೆಟ್ಟಿ, ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದ. ಬ್ಯಾಟರ್ ಔಟ್ ಆದ, ನಿಜ. ಆಮೇಲೆ ಪಿಚಿಂಗ್ ಪಡೆಯೇ ಸೊರಗಿ ಉಳಿದ ಪಂದ್ಯಗಳಲ್ಲಿ 38-55. ಕೊನೆಯ ದಿನ ಮಯಾಮಿಯಲ್ಲಿ ಸೋತು 83-79ಕ್ಕೆ ನಿಂತರು. ಸಿನ್ಸಿನಾಟಿ ತಂಡದ್ದೂ ಅಷ್ಟೇ ಲೆಕ್ಕ; ಪರಸ್ಪರ ಪಂದ್ಯಗಳಲ್ಲಿ ಮೇಲುಗೈ ಪಡೆದಿದ್ದ ಅವರು ಪ್ಲೇಆಫ್ (ಪ್ರಶಸ್ತಿಯ ನಾಕೌಟ್ ಹಂತ) ಹೊಕ್ಕರು.

ಪಿಚಿಂಗ್ ಕುಸಿದರೆ ದುಬಾರಿ ಬ್ಯಾಟಿಂಗ್ ಕೂಡ ಎಷ್ಟು ಅಸಹಾಯಕ ಎಂದು ತಿಳಿಯಲು 2025 ಒಳ್ಳೆಯದು, ಆದರೆ ಹೊಟ್ಟೆ ಉರಿಯುತ್ತದೆ. ನನ್ನ ಓಟು 2024ಕ್ಕೆ. ಏಪ್ರಿಲ್ ಬಿಟ್ಟು ಸೀದಾ ಜೂನ್‌ನಿಂದ ಹಚ್ಚಿ.