ಒಂದೇ ಕಾರು, ಎರಡು ಬ್ಯಾಟರಿ: ನಾಲ್ಕೂವರೆ ವರ್ಷಗಳ ಬಳಕೆಯ ಅನುಭವ

ನನ್ನ ಕಾರಿನಲ್ಲಿ ಈಗಿರುವ ಇ.ಎಫ್.ಬಿ. ಮಾದರಿಯ (ಪದೇ ಪದೇ ಖಾಲಿಯಾಗಿ ತುಂಬುವುದನ್ನು ತಾಳಿಕೊಳ್ಳುವಂತೆ ಬಲಪಡಿಸಿದ) ಬ್ಯಾಟರಿಯನ್ನು ಹಾಕಿಸಿ 3 ವರ್ಷ 4 ತಿಂಗಳಾಯಿತು. ಅದಕ್ಕೂ ಮೊದಲು ಹಾಕಿಸಿದ್ದ ಸಾಮಾನ್ಯ ಬ್ಯಾಟರಿ 14 ತಿಂಗಳಿಗೇ ಕೈಕೊಟ್ಟಿತ್ತು. ಕಾರೂ ಅದೇ, ದಿನನಿತ್ಯ ಓಡಾಡುವ ದಾರಿಯೂ ಅದೇ.

ಮೊದಲ ಸಲ ನಾನು ನೋಡಿದ್ದು, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿದಿಡುತ್ತದೆಂದು ಹೇಳುವ ಆಂಪಿಯರ್-ಅವರ್ ಅಂಕಿಯನ್ನು ಮಾತ್ರ. ಅದಕ್ಕೂ ಹಿಂದೆ ಕಾರಿನಲ್ಲಿದ್ದದ್ದರ ಮೇಲೆ 60 ಎಂದಿತ್ತು, ಆಗ ಕೊಂಡ ಸಾಮಾನ್ಯ ಬ್ಯಾಟರಿಯ ಮೇಲೂ 60 ಎಂದಿತ್ತು, ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ಆದರೆ ನನ್ನ ಕಾರಿನ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ಆರಿ, ಕ್ಲಚ್ ಒತ್ತಿದೊಡನೆ ಮತ್ತೆ ಚಾಲೂ ಆಗುತ್ತದೆ. ಇಂಥ ಕಾರಿನಲ್ಲಿ ಸ್ಟಾರ್ಟರ್ ಮೋಟಾರು ಒಂದೇ ಪ್ರಯಾಣದಲ್ಲಿ ಹತ್ತಾರು ಸಲ ತಿರುಗಬೇಕಾಗುತ್ತದೆ. ಎಂಜಿನ್ ಆರಿದ್ದಷ್ಟು ಹೊತ್ತು ದೀಪ, ಫ್ಯಾನು, ವೈಪರುಗಳ ಭಾರವೆಲ್ಲ ಬ್ಯಾಟರಿಯ ಮೇಲೇ ಬೀಳುತ್ತದೆ. ಹೀಗೆ ಪದೇ ಪದೇ ಅರೆಬರೆ ಖಾಲಿಯಾಗುವುದನ್ನು ಸಾಮಾನ್ಯ ಬ್ಯಾಟರಿ ತಾಳಿಕೊಳ್ಳುವುದಿಲ್ಲ. ಅದರ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ತುಂಬಿಕೊಳ್ಳುವ ಶಕ್ತಿಯೇ ಕುಂದುತ್ತದೆ. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾಗಿ, ಬಾನೆಟ್ಟಿನಡಿಯಿಂದ ಟಕ್ ಟಕ್ ಎಂಬ ಸದ್ದು ಮಾತ್ರ ಬಂತು. ಮಲ್ಟಿಮೀಟರ್ ಹಿಡಿದು ನೋಡಿದರೆ 11.8 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ 12.6ರ ಆಸುಪಾಸಿನಲ್ಲಿರಬೇಕು. ಬೇರೆ ಬ್ಯಾಟರಿಯ ಸಹಾಯದಿಂದ ಎಂಜಿನ್ ಚಾಲೂ ಮಾಡಿದ ಮೇಲೆ 14.2 ತೋರಿಸಿದ್ದರಿಂದ, ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್‌ನಲ್ಲಿ ದೋಷವಿಲ್ಲವೆಂಬುದು ಖಚಿತವಾಯಿತು.

ಎರಡನೆಯ ಸಲ ಕಾರಿನ ಕೈಪಿಡಿಯನ್ನು ಮುಂದಿಟ್ಟುಕೊಂಡೇ ಆರಿಸಿದೆ. ಅದರಲ್ಲಿ ಇ.ಎಫ್.ಬಿ. ಎಂದೇ ನಮೂದಾಗಿತ್ತು. ಕೈಪಿಡಿಯಲ್ಲಿ ಎ.ಜಿ.ಎಂ. (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಮಾದರಿ) ಎಂದಿರುವ ಕಾರಿಗೆ ಎ.ಜಿ.ಎಂ. ಬ್ಯಾಟರಿಯನ್ನೇ ಹಾಕಿಸಬೇಕು, ಅಲ್ಲಿ ಉಳಿತಾಯದ ಯೋಚನೆ ಬೇಡ. ಚಳಿಯಲ್ಲಿ ಎಂಜಿನ್ ತಿರುಗಿಸುವ ಸಾಮರ್ಥ್ಯವನ್ನು ಹೇಳುವ ಸಿ.ಸಿ.ಎ. ಅಂಕಿಯನ್ನೂ ಹೋಲಿಸಿದೆ. ಮೈನಸ್ 18 ಡಿಗ್ರಿಯಲ್ಲಿ ಅಳೆಯುವ ಈ ಅಂಕಿಗೆ ಎಸ್.ಎ.ಇ., ಇ.ಎನ್. ಎಂಬ ಬೇರೆ ಬೇರೆ ಮಾನದಂಡಗಳಿರುವುದರಿಂದ, ಎರಡು ಬ್ಯಾಟರಿಗಳನ್ನು ತೂಗಿ ನೋಡುವಾಗ ಎರಡರ ಮೇಲೂ ಒಂದೇ ಮಾನದಂಡವಿದೆಯೇ ಎಂದು ಗಮನಿಸಬೇಕು.

ಟರ್ಮಿನಲ್‌ಗಳು ಯಾವ ಬದಿಗಿವೆ ಎಂಬುದು ಸಣ್ಣ ವಿಷಯವೆಂದು ನಾನೂ ಭಾವಿಸಿದ್ದೆ. ಅಂಗಡಿಯವರು ಮೊದಲು ತಂದಿಟ್ಟ ಬ್ಯಾಟರಿಯಲ್ಲಿ ಪ್ಲಸ್ ಎಡಕ್ಕಿತ್ತು. ನನ್ನ ಕಾರಿನ ಕೆಂಪು ಕೇಬಲ್ ಮೂರು ಬೆರಳಿನಷ್ಟು ಗಿಡ್ಡವಾಗಿ ಅದನ್ನು ಮುಟ್ಟಲೇ ಇಲ್ಲ. ಕೇಬಲ್ಲನ್ನು ಎಳೆದು ಕೂರಿಸಬಹುದೆಂದು ಅವರು ಹೇಳಿದಾಗ ನಾನು ಒಪ್ಪಲಿಲ್ಲ, ಏಕೆಂದರೆ ಬಿಗಿದು ನಿಂತ ಕೇಬಲ್ ಕಾರಿನ ಅಲುಗಾಟಕ್ಕೆ ಸಡಿಲವಾಗುತ್ತದೆ. ಸರಿಯಾದದ್ದನ್ನು ತರಿಸಲು ಎರಡು ದಿನ ಹಿಡಿಯಿತು. ಬಂದ ಕೂಡಲೇ ತಯಾರಿಕೆಯ ತಿಂಗಳನ್ನು ನೋಡಿದೆ: ಎರಡು ತಿಂಗಳ ಹಿಂದಿನದು. ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿ ಇಳಿಯುತ್ತಾ ಹೋಗುವುದರಿಂದ, ತಿಂಗಳುಗಟ್ಟಲೆ ಕಪಾಟಿನಲ್ಲಿದ್ದದ್ದನ್ನು ತೆಗೆದುಕೊಳ್ಳುವುದು ಬೇಡ.

ಬೆಲೆ ಸಾಮಾನ್ಯ ಬ್ಯಾಟರಿಗಿಂತ ಜಾಸ್ತಿಯೇ ಆಯಿತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಈ ಅವಧಿಯಲ್ಲಿ ಒಮ್ಮೆಯೂ ಕಾರು ದಾರಿಯಲ್ಲಿ ನಿಂತಿಲ್ಲ. ಎರಡು ವಾರ ಮುಟ್ಟದೆ ಬಿಟ್ಟು ಬಂದಾಗಲೂ ಮೊದಲ ಪ್ರಯತ್ನಕ್ಕೇ ಚಾಲೂ ಆಯಿತು. ಹೊಸದರಲ್ಲಿ ರಾತ್ರಿಯಿಡೀ ನಿಂತ ಮೇಲೆ 12.7 ವೋಲ್ಟ್ ತೋರಿಸುತ್ತಿದ್ದದ್ದು ಈಗ 12.5ಕ್ಕೆ ಇಳಿದಿದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆರುವುದು ಮೊದಲು ಹೊರಟ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತಿತ್ತು. ಇತ್ತೀಚೆಗೆ ಅದಕ್ಕೆ ಕಾಲು ಗಂಟೆಯೇ ಬೇಕು. ಇವೆರಡೂ ಬ್ಯಾಟರಿ ಹಳತಾಗುತ್ತಿರುವ ಸೂಚನೆಗಳು, ಹಾಗಾಗಿ ಮುಂದಿನ ಚಳಿಗಾಲಕ್ಕೆ ಮುಂಚೆ ಇದನ್ನು ವಿದ್ಯುತ್ ಭಾರ ಹಾಕಿ ಪರೀಕ್ಷೆ ಮಾಡಿಸುತ್ತೇನೆ.