ಡೇ ಕೇರ್, ಮಾಂಟೆಸ್ಸರಿ, ಅಂಗನವಾಡಿ: ಪುಟ್ಟ ಮಗುವಿನ ದಿನ ಎಲ್ಲಿ ಚೆನ್ನಾಗಿ ಕಳೆಯುತ್ತದೆ?

ಮಗಳಿಗೆ ಒಂದೂವರೆ ವರ್ಷ ಆದಾಗಿನಿಂದ ಇಲ್ಲಿಯವರೆಗೆ ಮೂರು ಕಡೆ ಬಿಟ್ಟು ನೋಡಿದ್ದೇವೆ. ಮೊದಲು ಬೆಂಗಳೂರಿನಲ್ಲಿ ಆಫೀಸಿನ ಪಕ್ಕದ ಡೇ ಕೇರ್. ಎರಡೂವರೆ ತುಂಬಿದ ಮೇಲೆ ಮನೆ ಹತ್ತಿರದ ಮಾಂಟೆಸ್ಸರಿ. ಮೂರು ದಾಟಿದಾಗ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ತವರಿಗೆ ಬಂದು ಅಲ್ಲಿನ ಅಂಗನವಾಡಿಗೆ ಸೇರಿಸಿದೆವು. ಫೀಸು, ಕಟ್ಟಡ, ಗೋಡೆ ಮೇಲಿನ ಚಿತ್ರ ಇವನ್ನೆಲ್ಲ ಎಲ್ಲರೂ ಹೋಲಿಸುತ್ತಾರೆ. ನಾನು ನೋಡಿದ್ದು ಊಟ, ನಿದ್ದೆ ಮತ್ತು ಯಾರೂ ಏನೂ ಹೇಳಿಕೊಡದ ಹೊತ್ತು. ಈ ವಯಸ್ಸಿನ ಮಕ್ಕಳು ಜಾಸ್ತಿ ಕಲಿಯುವುದು ಆಗಲೇ ಎಂದು ನನಗೆ ಅನ್ನಿಸುತ್ತದೆ.

ಬೆಳಿಗ್ಗೆ ಹತ್ತಕ್ಕೆ ಹೋದರೆ ಯಾವ ಡೇ ಕೇರ್ ಆದರೂ ಚೆಂದವೇ ಕಾಣುತ್ತದೆ. ಹಾಡು, ಬಣ್ಣ, ಬ್ಲಾಕ್ಸ್, ನಗುವ ಮಿಸ್. ನಾನು ಮಧ್ಯಾಹ್ನ ಹೋಗುತ್ತಿದ್ದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗಿನಿಂದ ಇರುವ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಆಫೀಸಿನವರು ಮಕ್ಕಳನ್ನು ನೋಡಿಕೊಳ್ಳುವ ಜಾಗ ಒದಗಿಸಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಇದು ನಮಗಿರುವ ಹಕ್ಕು. ದಯವಿಟ್ಟು ಬಳಸಿಕೊಳ್ಳಿ. ಹಾಗೆ ಹೋಗಿದ್ದರಿಂದಲೇ ನನಗೆ ಗೊತ್ತಾಯಿತು, ಊಟದ ಹೊತ್ತಿಗೆ ಟಿವಿ ಹಾಕುತ್ತಾರೆ ಅಂತ. ಮಕ್ಕಳು ಟಿವಿ ನೋಡುತ್ತಾ ಬಾಯಿ ತೆರೆಯುತ್ತಾರೆ, ಆಯಾ ಚಮಚದಲ್ಲಿ ಅನ್ನ ಇಡುತ್ತಾ ಹೋಗುತ್ತಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ತಿಂದಿದ್ದು ಏನೆಂದೂ ಗೊತ್ತಾಗುವುದಿಲ್ಲ. ಒಂದು ವರ್ಷದ ಮಗುವಿಗೆ ಟಿವಿ, ಮೊಬೈಲ್ ಬೇಡವೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಕೆಲವು ತಾಯಂದಿರು ಸೇರಿ ಕೇಳಿದ ಮೇಲೆ ಊಟದ ಹೊತ್ತಿನ ಟಿವಿ ನಿಂತಿತು.

ಆದರೆ ನಿದ್ದೆ ಮಾಡಿಸುವುದರಲ್ಲಿ ಆ ಡೇ ಕೇರ್‌ಗೆ ಸಮ ಇಲ್ಲ. ಪರದೆ ಎಳೆದ ಕೋಣೆ, ಪ್ರತಿ ಮಗುವಿಗೂ ಅದರದ್ದೇ ಹಾಸಿಗೆ, ದಿನಾ ಅದೇ ಹೊತ್ತು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮಧ್ಯಾಹ್ನ ಮಲಗದೆ ಹೋದರೆ ಸಂಜೆ ಮಗುವೂ ಅಳುತ್ತದೆ, ನಮಗೂ ಅಳು ಬರುತ್ತದೆ. ಸಂಜೆ ಏಳರ ತನಕ ಇಟ್ಟುಕೊಳ್ಳುವವರೂ ಇವರೊಬ್ಬರೇ.

ಮಾಂಟೆಸ್ಸರಿಯಲ್ಲಿ ದಿನ ಬೇರೆಯೇ ಥರ. ಮಿಸ್ ಇಲ್ಲ, ಎಲ್ಲರೂ ಆಂಟಿ. ಮಗು ತಾನೇ ಚಾಪೆ ತಂದು ಹಾಸಬೇಕು, ಬೇಕಾದ ವಸ್ತು ಎತ್ತಿಕೊಂಡು ಬರಬೇಕು, ಮುಗಿದ ಮೇಲೆ ಅದರ ಜಾಗಕ್ಕೇ ಇಡಬೇಕು. ನನ್ನ ಮಗಳು ಪುಟ್ಟ ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುವುದನ್ನು ಬಿಡದೆ ಮಾಡುತ್ತಲೇ ಇದ್ದಳು. ಚೆಲ್ಲಿದರೆ ಯಾರೂ ಬೈಯುವುದಿಲ್ಲ, ಒರೆಸುವ ಬಟ್ಟೆ ಎಲ್ಲಿದೆ ಅಂತ ತೋರಿಸುತ್ತಾರೆ. ಅವಳ ಕೈಗೆ ಹಿಡಿತ ಬಂದಿದ್ದು ಇಲ್ಲಿಯೇ. ಗುಂಡಿ ಹಾಕಿಕೊಳ್ಳುವುದು, ಚಪ್ಪಲಿ ಜೋಡಿಸುವುದು, ಊಟದ ಡಬ್ಬಿ ಮುಚ್ಚುವುದು, ಎಲ್ಲಾ. ಮಕ್ಕಳನ್ನು ಇಷ್ಟು ಗೌರವದಿಂದ ಮಾತಾಡಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆ ಒಂದೇ. ಹನ್ನೆರಡಕ್ಕೆ ಮನೆಗೆ ಕಳಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಅತ್ತೆ ನಮ್ಮ ಜೊತೆಗಿದ್ದ ತಿಂಗಳುಗಳಲ್ಲಿ ಮಾತ್ರ ನಮಗೆ ಇದು ಸಾಧ್ಯವಾಯಿತು. ಮಣ್ಣಲ್ಲಿ ಆಡುವುದು, ಓಡುವುದು ಕೂಡ ಅಲ್ಲಿ ಕಡಿಮೆಯೇ.

ಇನ್ನು ಅಂಗನವಾಡಿ. ನನ್ನ ತವರು ಟಿ. ನರಸೀಪುರ ತಾಲ್ಲೂಕಿನಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಆರಿಸಿಕೊಂಡಿದ್ದು ನಮ್ಮ ಟಿ. ನರಸೀಪುರವನ್ನೇ. ನಮ್ಮಮ್ಮನ ಕಾಲದಿಂದ ಊರಿನವರಿಗೆ ಅಂಗನವಾಡಿ ಅಂದರೆ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ. ಇಲ್ಲಿ ಮಗಳು ಪಟಪಟ ಮಾತು ಕಲಿತಳು. ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೇ ಇರುತ್ತಾರಲ್ಲ, ದೊಡ್ಡವರು ಹೇಳುವ ಕಥೆ, ಅಭಿನಯ ಗೀತೆ, ಜಗಳ, ರಾಜಿ ಎಲ್ಲವನ್ನೂ ಚಿಕ್ಕವರು ಹೀರಿಕೊಳ್ಳುತ್ತಾರೆ. ಹಾಲು ಕೊಡುತ್ತಾರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅದು. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಬಿಸಿ ಅನ್ನ ಸಾಂಬಾರನ್ನು ತಮ್ಮ ಕೈಯಿಂದಲೇ ಉಣ್ಣುತ್ತಾರೆ. ಡೇ ಕೇರ್‌ನಲ್ಲಿ ಟಿವಿ ಇಲ್ಲದೆ ಬಾಯಿ ತೆರೆಯದವಳು ಇಲ್ಲಿ ಪಕ್ಕದವರನ್ನು ನೋಡಿ ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಊಟದ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಕಣ್ಣು ಮುಚ್ಚಿ ಅಂಗನವಾಡಿ.

ಕೊರತೆಯೂ ಇದೆ. ಪಾಠ, ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ, ಮೇಲಿಂದ ಸರ್ವೆ, ಎಲ್ಲವನ್ನೂ ಟೀಚರ್ ಒಬ್ಬರೇ ನೋಡಬೇಕು. ಅವರು ಮೀಟಿಂಗಿಗೆ ಹೋದ ದಿನ ಮಕ್ಕಳನ್ನು ಸಹಾಯಕಿ ಸುಮ್ನೆ ಕೂರಿಸಿಕೊಂಡಿರುತ್ತಾರೆ, ಅಷ್ಟೇ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಷ್ಟು ಕಡಿಮೆ ಗೌರವಧನಕ್ಕೆ ಅಷ್ಟು ಕೆಲಸ ಹೇರಿರುವುದೇ ತಪ್ಪು. ಮಲಗಲು ಒಂದು ಜಮಖಾನ ಹಾಸುತ್ತಾರೆ. ಒಂದು ಮಗು ಎದ್ದರೆ ಎಲ್ಲವೂ ಏಳುತ್ತವೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪೌಷ್ಟಿಕ ಆಹಾರವನ್ನು ಮನೆಗೆ ಕೊಡುತ್ತಾರೆ, ದಿನವಿಡೀ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಮಗುವಾದರೆ ಎರಡೂವರೆ ವರ್ಷದ ತನಕ ಮತ್ತೆ ಡೇ ಕೇರ್‌ಗೇ ಬಿಡುತ್ತೇನೆ, ಆದರೆ ಊಟದ ಹೊತ್ತಿಗೆ ಟಿವಿ ಇಲ್ಲ ಅಂತ ಸೇರಿಸುವಾಗಲೇ ಬರೆಸಿಕೊಳ್ಳುತ್ತೇನೆ. ಮಧ್ಯಾಹ್ನ ಮನೆಯಲ್ಲಿ ಯಾರಾದರೂ ಇರುವವರಿಗೆ ಅದಾದ ಮೇಲೆ ಮಾಂಟೆಸ್ಸರಿ ಒಳ್ಳೆಯದು. ಮೂರು ತುಂಬಿದ ಮಗು ಇದ್ದರೆ ನಿಮ್ಮ ಬಡಾವಣೆಯ ಅಂಗನವಾಡಿಗೂ ಒಂದು ಸಲ ಹೋಗಿ ನೋಡಿ. ಬೆಂಗಳೂರಲ್ಲೂ ಇವೆ. ಟೀಚರ್ ಜೊತೆ ಕೂತು ಮಾತಾಡಿ, ಅಡುಗೆ ರುಚಿ ನೋಡಿ, ಶೌಚಾಲಯದಲ್ಲಿ ನೀರು ಬರುತ್ತದಾ ಅಂತ ನೋಡಿ. ಬರದಿದ್ದರೆ ಪಕ್ಕದ ನಾಲ್ಕು ಮನೆಯವರನ್ನು ಸೇರಿಸಿಕೊಂಡು ಕೇಳಿ.